ಅಜ್ಜನ ಜೀಪಿಗೆ ಹೊಸ ಡೀಸೆಲ್ ಎಂಜಿನ್: ಯಾವುದು ಹೊಂದೀತು?

ಮುಳ್ಳೇರಿಯ ಕೃಷಿಕ, ಎಪ್ರಿಲ್ 9

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದವಿದೆ.

ನಮ್ಮ ಮನೆಯಲ್ಲಿ 1966ರ ಮಹೀಂದ್ರಾ ಸಿಜೆ-3ಬಿ ಜೀಪು ಇದೆ. ಅಜ್ಜ ಕೊಂಡದ್ದು. ಆಗ ಕಾಸರಗೋಡು ಜಿಲ್ಲೆಯೇ ಆಗಿರಲಿಲ್ಲ, ಕಣ್ಣೂರಿನ ಒಂದು ತಾಲೂಕು. ನಮ್ಮ ಗುಡ್ಡಕ್ಕೆ ಬಸ್ಸು ಬರುತ್ತಿರಲಿಲ್ಲ. ಅಡಿಕೆ ಮೂಟೆ ಪೇಟೆಗೆ ಹೋಗಬೇಕಾದರೂ, ಹೆರಿಗೆ ನೋವು ಕಾಣಿಸಿಕೊಂಡವರು ಆಸ್ಪತ್ರೆಗೆ ಹೋಗಬೇಕಾದರೂ ಇದೇ ಜೀಪು. ಮೂಲದಲ್ಲಿ ಪೆಟ್ರೋಲ್ ಗಾಡಿ. 1991ರಲ್ಲಿ ಅಪ್ಪ ಅದನ್ನು ಡೀಸೆಲ್ ಮಾಡಿಸಿದರು. ಹಾಕಿಸಿದ್ದು ಪ್ಯೂಜೊ ಎಕ್ಸ್‌ಡಿಪಿ 4.90, 2112 ಸಿಸಿ. ಆರ್‌ಸಿಯಲ್ಲಿಯೂ ಆಗಲೇ ಡೀಸೆಲ್ ಎಂದು ಬರೆಸಿದ್ದಾರೆ. ಗೇರ್‌ಬಾಕ್ಸ್ ಮಾತ್ರ ಮೊದಲಿನದೇ, ಮೂರು ಗೇರಿನ ಟಿ-90. ಅದರ ಹಿಂದೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಡಾನಾ 18 ಟ್ರಾನ್ಸ್‌ಫರ್ ಕೇಸ್.

ಎಂಟು ವರ್ಷದಿಂದ ಜೀಪು ಅಡಿಕೆ ಒಣಗಿಸುವ ಅಂಗಳದ ಬದಿಯ ಶೆಡ್ಡಿನಲ್ಲಿ ನಿಂತಿತ್ತು. ಈ ಬೇಸಗೆಯಲ್ಲಿ ಪೂರ್ತಿ ಬಿಚ್ಚಿದೆವು. ಚಾಸಿಸ್ ಗಟ್ಟಿಯಿದೆ, ಹಿಂದಿನ ಸ್ಪ್ರಿಂಗ್ ಹ್ಯಾಂಗರಿನ ಬಳಿ ಮಾತ್ರ ತುಕ್ಕು. ಎಂಜಿನ್ ಮುಗಿದಿದೆ. ಹೆಡ್ ಎರಡು ಕಡೆ ಸೀಳಿದೆ. ಬ್ಲಾಕಿನಲ್ಲಿ ನೀರು ಹರಿಯುವ ದಾರಿ ತುಕ್ಕು ತಿಂದು ಕಿರುಬೆರಳು ತೂರುವಷ್ಟು ತೂತಾಗಿದೆ.

ನನ್ನ ಆಸೆ ಹೀಗಿದೆ. 2010ರಲ್ಲಿ ಬಂದ ಥಾರ್‌ನ ಸಿಆರ್‌ಡಿಇ (ಕಾಮನ್ ರೈಲ್, ಅಂದರೆ ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ, ಕಂಪ್ಯೂಟರ್ ಆಳುವ) ಎಂಜಿನ್, 2498 ಸಿಸಿ, 105 ಅಶ್ವಶಕ್ತಿ, ಗುಜರಿಯಲ್ಲಿ ಒಂದು ಸಿಗುವಂತಿದೆ. ಅದನ್ನು ಈ ಜೀಪಿಗೆ ಕೂರಿಸಬಹುದೇ? ಮಾಡಿದವರು ಯಾರಾದರೂ ಇದ್ದೀರಾ? ಜೀಪನ್ನು ಗಾಜಿನೊಳಗಿಟ್ಟು ನೋಡುವ ಆಸೆ ನನಗಿಲ್ಲ. ಅದು ಮತ್ತೆ ತೋಟದ ಕೆಲಸ ಮಾಡಬೇಕು, ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರಬೇಕು.


ಪೈವಳಿಕೆಯಿಂದ, ಎಪ್ರಿಲ್ 9

ಅಣ್ಣ, ಖಂಡಿತ ಹಾಕಿ. 105 ಅಶ್ವಶಕ್ತಿ ಎಂದರೆ ಹಳೆಯ ಪ್ಯೂಜೊಗಿಂತ ಎಷ್ಟೋ ಮೇಲು. ಗುಡ್ಡದ ದಾರಿಯಲ್ಲಿ ಮೂಟೆ ಹೇರಿಕೊಂಡು ಎರಡನೇ ಗೇರಿನಲ್ಲೇ ಹತ್ತಬಹುದು. ಫೋಟೋ ಹಾಕಲು ಮರೆಯಬೇಡಿ.


ಪೆರ್ಲದ ಹಳೆಯ ಮೆಕ್ಯಾನಿಕ್, ಎಪ್ರಿಲ್ 10

ಮುಳ್ಳೇರಿಯದವರೇ, ನಾನು ನಲವತ್ತು ವರ್ಷ ಜೀಪು ರಿಪೇರಿ ಮಾಡಿದವನು. ಪುತ್ತೂರು, ಸುಳ್ಯ, ಅಡೂರು ಕಡೆ ಸರ್ವಿಸ್ ಜೀಪುಗಳು ಓಡುತ್ತಿದ್ದ ಕಾಲದಲ್ಲಿ ಎಷ್ಟೋ ಪೆಟ್ರೋಲ್ ಜೀಪುಗಳನ್ನು ಕೈಯಾರೆ ಡೀಸೆಲ್ ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ನೀವು ಎಂಜಿನ್ ಒಂದನ್ನೇ ನೋಡುತ್ತಿದ್ದೀರಿ. ಆ ಎಂಜಿನ್ನಿನ ಹಿಂದಿರುವುದನ್ನೆಲ್ಲ ಮೊದಲು ನೋಡಿ.

ಲೆಕ್ಕ ಹಾಕೋಣ. ನಿಮ್ಮ ಜೀಪಿನೊಂದಿಗೆ ಹುಟ್ಟಿದ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಟಾರ್ಕ್ (ತಿರುಗಿಸುವ ಸೆಳೆತ) ಹೆಚ್ಚೆಂದರೆ 155 ನ್ಯೂಟನ್ ಮೀಟರ್. ಟಿ-90ರ ಮೊದಲ ಗೇರು 2.798 ಪಟ್ಟು. ಡಾನಾ 18ರ ಲೋ 2.46 ಪಟ್ಟು. ಆಕ್ಸಲ್‌ನೊಳಗೆ 8 ಹಲ್ಲಿನ ಪಿನಿಯನ್, 43 ಹಲ್ಲಿನ ಕ್ರೌನ್, ಅಂದರೆ 5.375 ಪಟ್ಟು. ಮೂರನ್ನೂ ಗುಣಿಸಿದರೆ 37. ಲೋ ಗೇರಿನಲ್ಲಿ ಹತ್ತುವಾಗ ಎಂಜಿನ್ನಿನಿಂದ ಹೊರಟ ಸೆಳೆತ ಚಕ್ರಕ್ಕೆ ತಲುಪುವಾಗ 37 ಪಟ್ಟು ಆಗಿರುತ್ತದೆ. 155ಕ್ಕೆ ಅದು 5,735. ನೀವು ಹೇಳುವ ಸಿಆರ್‌ಡಿಇಯ ಟಾರ್ಕ್ 247. ಅದಕ್ಕೆ 37 ಪಟ್ಟು ಎಂದರೆ 9,139. ಅರವತ್ತು ವರ್ಷ ಹಳೆಯ ಆಕ್ಸಲ್ ಶಾಫ್ಟಿಗೆ, ಹಲ್ಲು ಸವೆದ ಗೇರಿಗೆ ಇದನ್ನು ಕೊಡುತ್ತೀರಿ. ಬಾಯಾರು ಗುಡ್ಡದ ತಿರುವಿನಲ್ಲಿ ಶಾಫ್ಟು ತುಂಡಾದರೆ ಜೀಪು ಹಿಂದಕ್ಕೆ ಬರುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಮಾತು ಖಾರವಾದರೆ ಕ್ಷಮಿಸಿ.

ಕಂಬಳದ ಗದ್ದೆಗೆ ಕೋಣ ಇಳಿಸುವವರು ಜೋಡಿ ನೋಡುತ್ತಾರೆ. ಒಂದು ಕೋಣಕ್ಕೆ ಓಟ ಹೆಚ್ಚಿ, ಇನ್ನೊಂದಕ್ಕೆ ಕಡಿಮೆಯಾದರೆ ನೊಗ ಓರೆಯಾಗುತ್ತದೆ. ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು, ಬ್ರೇಕು ಇವು ನಾಲ್ಕೂ ಒಂದೇ ನೊಗಕ್ಕೆ ಕಟ್ಟಿದವು.

ಹಾಗಾದರೆ ಥಾರ್‌ನ ಐದು ಗೇರಿನ ಪೆಟ್ಟಿಗೆಯನ್ನೂ ಸೇರಿಸಿ ಕೂರಿಸುತ್ತೇನೆ ಎನ್ನಬಹುದು. ಸಿಜೆ-3ಬಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವುದು 80 ಇಂಚು. ಈಗಲೇ ಹಿಂದಿನ ಜಾಯಿಂಟ್ ಶಾಫ್ಟು ಮೊಳದುದ್ದ. ಗೇರ್‌ಬಾಕ್ಸು ಉದ್ದವಾದಷ್ಟೂ ಶಾಫ್ಟು ಗಿಡ್ಡವಾಗುತ್ತದೆ, ಅದರ ಓರೆ ಹೆಚ್ಚುತ್ತದೆ, ಅದರ ತುದಿಯ ಕ್ರಾಸ್ (ಮಡಚುವ ಕೀಲು) ತಿಂಗಳಿಗೊಂದು ಹೋಗುತ್ತದೆ. ಅಲ್ಲದೆ ಡಾನಾ 18ರಿಂದ ಹಿಂದಕ್ಕೆ ಹೋಗುವ ಶಾಫ್ಟು ಮಧ್ಯದಿಂದ ಹೊರಡುವುದಿಲ್ಲ, ಬಲಕ್ಕೆ ಸರಿದಿರುತ್ತದೆ, ಡಿಫರೆನ್ಷಿಯಲ್ ಕೂಡ ಅದಕ್ಕೆ ಸರಿಯಾಗಿ ಬಲಕ್ಕಿದೆ. ಹೊಸ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಬಾಯಿ ಎಲ್ಲಿದೆ ಎಂದು ಅಳೆಯದೆ ಹಣ ಕೊಡಬೇಡಿ.

ನನ್ನ ಸಲಹೆ: ಶಕ್ತಿ ಕಡಿಮೆಯಿರುವ ಡೀಸೆಲ್ ಹುಡುಕಿ. ಹಳೆಯ 2523 ಸಿಸಿಯ ಡಿಐ (ಕಂಪ್ಯೂಟರ್ ಇಲ್ಲದ, ಹಳೆಯ ಪಂಪಿನ ಡೀಸೆಲ್) ಆದರೂ ಆದೀತು. ಬ್ರೇಕನ್ನು ಮೊದಲು ಸರಿಮಾಡಿ. ಆ ಒಂಬತ್ತು ಇಂಚಿನ ಡ್ರಮ್ಮುಗಳನ್ನು, ಬೂಸ್ಟರ್ (ಕಾಲಿನ ಒತ್ತು ಹೆಚ್ಚಿಸುವ ಡಬ್ಬಿ) ಇಲ್ಲದ ಒಂದೇ ಸಾಲಿನ ಬ್ರೇಕನ್ನು ಇಟ್ಟುಕೊಂಡು ಟರ್ಬೊ ಎಂಜಿನ್ ಹಾಕುವುದು ಸರಿಯಲ್ಲ. ಡೀಸೆಲ್‌ಗೆ ಪೆಟ್ರೋಲ್ ಎಂಜಿನ್ನಿನ ಹಾಗೆ ಉಸಿರು ಕಟ್ಟುವ ಥ್ರಾಟಲ್ ತಟ್ಟೆ ಇಲ್ಲ. ಇಳಿಜಾರಿನಲ್ಲಿ ಕಾಲು ತೆಗೆದರೆ ಪೆಟ್ರೋಲ್ ಜೀಪು ಹಿಡಿದಷ್ಟು ಅದು ಹಿಡಿಯುವುದಿಲ್ಲ.


ಮುಳ್ಳೇರಿಯ ಕೃಷಿಕ, ಎಪ್ರಿಲ್ 10

ಅಣ್ಣ, 37ರ ಲೆಕ್ಕವನ್ನು ಕಾಗದದ ಮೇಲೆ ಮತ್ತೊಮ್ಮೆ ಮಾಡಿ ನೋಡಿದೆ. ಸರಿಯಾಗಿದೆ. ಈ ರಾತ್ರಿ ಗುಜರಿಯವರಿಗೆ ಮುಂಗಡ ಕೊಡುವವನಿದ್ದೆ. ನಿಲ್ಲಿಸಿದೆ.

ಒಂದು ಪ್ರಶ್ನೆ. ಕಾಮನ್ ರೈಲ್ ಬೇಡವೆಂದೇ ನಿಮ್ಮ ಅಭಿಪ್ರಾಯವೇ, ಅಥವಾ 105 ಅಶ್ವಶಕ್ತಿ ಬೇಡವೆಂದೇ? ಹಳೆಯ ಡಿಐಯ ಹೊಗೆ ಮತ್ತು ಸದ್ದು ನನಗೆ ಬೇಡವಾಗಿದೆ.


ಉಪ್ಪಳದ ಎಲೆಕ್ಟ್ರಿಷಿಯನ್, ಎಪ್ರಿಲ್ 11

ಈ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹದಿನಾಲ್ಕು ವರ್ಷ ಶಾರ್ಜಾದಲ್ಲಿ ಗಾಡಿಗಳ ವಯರಿಂಗ್ ಮಾಡಿದೆ, ಈಗ ಊರಿನಲ್ಲಿಯೇ ಇದ್ದೇನೆ. ಹಳೆಯ ಗಾಡಿಗೆ ಕಾಮನ್ ರೈಲ್ ಕೂರಿಸಿ ಸೋತವರ ಗಾಡಿಗಳು ನನ್ನ ಬಳಿಗೆ ಬರುತ್ತವೆ. ಬಹುಪಾಲು ಸೋಲುಗಳು ಎಂಜಿನ್ ಕೊಂಡ ದಿನವೇ ಆಗಿರುತ್ತವೆ.

ಎಂಜಿನ್ ಮಾತ್ರ ಕೊಳ್ಳಬೇಡಿ. ಗಾಡಿ ಪೂರ್ತಿ ನಿಂತಿರುವಾಗಲೇ ಹೋಗಿ, ಅದು ಸ್ಟಾರ್ಟ್ ಆಗುವುದನ್ನು ನೋಡಿ, ಅನಂತರ ಈ ಎಲ್ಲವನ್ನೂ ಅದೇ ಗಾಡಿಯಿಂದ ತೆಗೆಸಿ: ಇಸಿಯು (ಎಂಜಿನ್ ಆಳುವ ಕಂಪ್ಯೂಟರ್), ಕೀಲಿ ಮತ್ತು ಇಮೊಬಿಲೈಸರ್ (ಕಳ್ಳತನ ತಡೆಯುವ ಸಾಧನ), ಎಂಜಿನ್ನಿನ ವಯರಿಂಗ್ ಕಟ್ಟು ತುಂಡಾಗದೆ, ಫ್ಯೂಸ್ ಪೆಟ್ಟಿಗೆ, ಆಕ್ಸಿಲರೇಟರ್ ಪೆಡಲ್, ಗಾಳಿ ಅಳೆಯುವ ಸೆನ್ಸರ್, ಡೀಸೆಲ್ ಫಿಲ್ಟರ್ ಅದರ ತಳದ ನೀರಿನ ಸೆನ್ಸರ್ ಸಮೇತ. ಇಸಿಯುವಿಗೆ ತನ್ನ ಕೀಲಿಯ ಗುರುತು ಸಿಗದಿದ್ದರೆ ಇಂಜೆಕ್ಟರಿಗೆ ಆಜ್ಞೆಯೇ ಹೋಗುವುದಿಲ್ಲ. ಸ್ಟಾರ್ಟರ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಗುಜರಿಯವರು ಅವಸರದಲ್ಲಿ ವಯರುಗಳನ್ನು ಕತ್ತರಿಸಿ ಎಂಜಿನ್ ಎತ್ತಿರುತ್ತಾರೆ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಮುಟ್ಟಬೇಡಿ.

ಎರಡನೆಯದು ಟ್ಯಾಂಕ್. ಇದನ್ನು ಯಾರೂ ಹೇಳುವುದಿಲ್ಲ. ಸಿಜೆ-3ಬಿಯ ಟ್ಯಾಂಕ್ ಸೀಟಿನಡಿ ಇರುತ್ತದೆ, 40 ಲೀಟರಿನಷ್ಟು. ಅರವತ್ತು ವರ್ಷದ ತಗಡು, ಒಳಗೆಲ್ಲ ತುಕ್ಕಿನ ಪುಡಿ. ಪ್ಯೂಜೊ ಅದನ್ನು ನುಂಗಿ ಅರಗಿಸಿಕೊಂಡಿತು. ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಚಕ್ರದ ಗಾಳಿ ಎರಡು ಬಾರ್ ಎಂದು ನೆನೆದರೆ ಅದರ ಅಂದಾಜು ಸಿಗುತ್ತದೆ. ಇಂಜೆಕ್ಟರಿನೊಳಗಿನ ಸಂದು ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣದು. ನಮ್ಮ ಮಳೆಗಾಲದ ತೇವ ಟ್ಯಾಂಕಿನೊಳಗೆ ಹನಿಯಾಗಿ ಇಳಿಯುತ್ತದೆ. ಆ ಹನಿಯೂ ತುಕ್ಕೂ ಸೇರಿದರೆ ನಾಲ್ಕು ಇಂಜೆಕ್ಟರುಗಳೂ ಒಂದೇ ಸಲ ಹೋಗುತ್ತವೆ. ಸ್ಟೇನ್‌ಲೆಸ್ ಸ್ಟೀಲಿನ ಹೊಸ ಟ್ಯಾಂಕ್ ಮಾಡಿಸಿ, ಬೇಡದ ಡೀಸೆಲ್ ಮರಳಿ ಬರಲು ಪ್ರತ್ಯೇಕ ಪೈಪು ಇಡಿ. ಹಾಗೆ ಮರಳುವ ಡೀಸೆಲ್ ಬಿಸಿಯಾಗಿರುತ್ತದೆ. ಅದನ್ನು ಎಳೆಯುವ ಪೈಪಿನ ಪಕ್ಕದಲ್ಲೇ ಸುರಿಯುವಂತೆ ಮಾಡಬೇಡಿ.

ಚಾಸಿಸ್ ಮೇಲೆ ವೆಲ್ಡಿಂಗ್ ಇದ್ದರೆ ಬ್ಯಾಟರಿ ಬಿಚ್ಚಿದರೆ ಸಾಲದು, ಇಸಿಯುವಿನ ಸಾಕೆಟ್ಟನ್ನೂ ತೆಗೆದಿಡಿ.

ಇಷ್ಟಕ್ಕೆ ನೀವು ಸಿದ್ಧರಿದ್ದರೆ ಕಾಮನ್ ರೈಲ್ ಒಳ್ಳೆಯದು. ಬೊಲೆರೊಗೆ ಬಂದ 2523 ಸಿಸಿಯ ಕಾಮನ್ ರೈಲ್ ಎಂಜಿನ್ ನೋಡಿ. 63 ಅಶ್ವಶಕ್ತಿ, ಟಾರ್ಕ್ 195. ಪೆರ್ಲದ ಅಣ್ಣನವರ 37ರಿಂದ ಗುಣಿಸಿದರೆ 7,215. ಸಿಆರ್‌ಡಿಇಗಿಂತ ಬಹಳ ಕೆಳಗೆ ಇದೆ.


ಪೆರ್ಲದ ಹಳೆಯ ಮೆಕ್ಯಾನಿಕ್, ಎಪ್ರಿಲ್ 11

ಉಪ್ಪಳದವರು ಹೇಳಿದ ಟ್ಯಾಂಕಿನ ಮಾತು ನೂರಕ್ಕೆ ನೂರು ಸತ್ಯ. ಆದರೂ ನನ್ನ ಮನಸ್ಸು ಹಳೆಯ ಪಂಪಿನ ಕಡೆಗೇ ಇದೆ. ರಾತ್ರಿ ಹತ್ತು ಗಂಟೆಗೆ ಬಂದಡ್ಕದ ಆಚೆ ಕಾಡಿನಲ್ಲಿ ಎಂಜಿನ್ ನಿಂತರೆ, ಹಳೆಯ ಡಿಐಯಾದರೆ ಡೀಸೆಲ್ ಪೈಪು ಸಡಿಲಿಸಿ ಗಾಳಿ ತೆಗೆದು, ಇಳಿಜಾರಿನಲ್ಲಿ ತಳ್ಳಿ ಮನೆಗೆ ಬರಬಹುದು. ಕಾಮನ್ ರೈಲಿನಲ್ಲಿ ಒಂದು ಕ್ರ್ಯಾಂಕ್ ಸೆನ್ಸರ್ (ಎಂಜಿನ್ನಿನ ಸುತ್ತನ್ನು ಇಸಿಯುವಿಗೆ ತಿಳಿಸುವಂಥದ್ದು) ಹೋದರೆ ಏನು ಮಾಡುತ್ತೀರಿ?


ಉಪ್ಪಳದ ಎಲೆಕ್ಟ್ರಿಷಿಯನ್, ಎಪ್ರಿಲ್ 11

ಒಂದು ಕ್ರ್ಯಾಂಕ್ ಸೆನ್ಸರ್ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತೇನೆ, ಒಂದು ಬೋಲ್ಟಿನ ಕೆಲಸ. ಬೊಲೆರೊ ಇಲ್ಲದ ಹಳ್ಳಿ ನಮ್ಮ ಕಡೆ ಇಲ್ಲ. ಮುಳ್ಳೇರಿಯ, ಬದಿಯಡ್ಕ, ಸುಳ್ಯ ಎಲ್ಲಿಯೂ ಅದರ ಬಿಡಿಭಾಗ ಸಿಗುತ್ತದೆ. ಹಳೆಯ ಪಂಪನ್ನು ಬಿಚ್ಚಿ ಕ್ಯಾಲಿಬ್ರೇಷನ್ ಮಾಡುವವರು ಈಗ ಎಷ್ಟು ಮಂದಿ ಉಳಿದಿದ್ದಾರೆ, ನೀವೇ ಹೇಳಿ ಅಣ್ಣ.


ಪೆರ್ಲದ ಹಳೆಯ ಮೆಕ್ಯಾನಿಕ್, ಎಪ್ರಿಲ್ 12

ಕಡಿಮೆಯೇ. ನಾನು ಕೆಲಸ ಕಳಿಸುತ್ತಿದ್ದ ಇಬ್ಬರೂ ಅಂಗಡಿ ಮುಚ್ಚಿದ್ದಾರೆ. ಒಪ್ಪಿದೆ, ಬೊಲೆರೊ ಎಂಜಿನ್ ಆಗಲಿ.


ಬಾಯಾರಿನ ಓದುಗಿ, ಎಪ್ರಿಲ್ 12

ನಮ್ಮ ಮಾವನವರ 1968ರ ಸಿಜೆ-3ಬಿ ಇನ್ನೂ ಪೆಟ್ರೋಲ್ ಎಂಜಿನ್ನಿನಲ್ಲೇ ಇದೆ. ಸ್ಟಾರ್ಟ್ ಆಗುತ್ತದೆ, ಆದರೆ ಲೀಟರಿಗೆ ಆರೇಳು ಕಿಲೋಮೀಟರ್ ದಾಟುವುದಿಲ್ಲ. ನಾವೂ ಇದೇ ದಾರಿ ಹಿಡಿಯಬಹುದೇ? ಕಾಗದಪತ್ರದ ವಿಷಯವನ್ನು ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.


ಕಾಸರಗೋಡಿನ ವಕೀಲ, ಎಪ್ರಿಲ್ 13

ಅಕ್ಕ, ದಯವಿಟ್ಟು ಆ ಎಂಜಿನ್ ಮುಟ್ಟಬೇಡಿ. ಕಾರಣ ಹೇಳುತ್ತೇನೆ.

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಆ ವಾಹನವನ್ನು ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ನಿಮ್ಮ ಜೀಪಿಗೆ ಆ ಬಾಗಿಲು ತೆರೆದಿದೆ. ಡೀಸೆಲ್ ಹಾಕಿದ ದಿನ ಅದು ಮುಚ್ಚುತ್ತದೆ. ಮುಳ್ಳೇರಿಯದವರ ಜೀಪಿಗೆ ಅದು 1991ರಲ್ಲೇ ಮುಚ್ಚಿದೆ, ಆದ್ದರಿಂದ ಅವರ ಲೆಕ್ಕವೇ ಬೇರೆ.

ಇನ್ನು ಬದಲಾವಣೆಯ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿ ಎತ್ತಿ ಹಿಡಿಯಿತು. ಆ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಹೈಕೋರ್ಟು ಕೊಟ್ಟಿದ್ದ ಸಡಿಲಿಕೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಹಾಗೆಂದು ಕೆಟ್ಟುಹೋದ ಎಂಜಿನ್ನನ್ನು ಬದಲಿಸಲೇ ಬಾರದು ಎಂದಲ್ಲ. ನೋಂದಣಿ ಅಧಿಕಾರಿಗೆ ಮೊದಲೇ ಅರ್ಜಿ ಕೊಡಿ, ಒಪ್ಪಿಗೆ ಸಿಕ್ಕಿದ ಮೇಲೆ ರಸ್ತೆಗೆ ಇಳಿಸಿ. ಬದಲಾವಣೆ ಆದ 14 ದಿನಗಳೊಳಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕೆಂಬುದೂ 52ನೇ ಸೆಕ್ಷನ್ನಿನಲ್ಲಿದೆ. ಮುಳ್ಳೇರಿಯದವರಿಗೆ ಒಂದು ಅನುಕೂಲವಿದೆ. ಇಂಧನ ಬದಲಾಗುವುದಿಲ್ಲ, ಹೊಸ ಎಂಜಿನ್ನೂ ಜೀಪಿನ ಕಂಪೆನಿಯಾದ ಮಹೀಂದ್ರಾದ್ದೇ. ಆದರೂ ಒಪ್ಪಿಗೆ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಎಂಜಿನ್ ಯಾವ ಗಾಡಿಯದು, ಆ ಗಾಡಿಯ ನೋಂದಣಿ ರದ್ದಾಗಿದೆಯೇ, ಮಾರಿದವರ ರಸೀದಿಯಲ್ಲಿ ಎಂಜಿನ್ ನಂಬರ್ ಇದೆಯೇ, ಇವನ್ನೆಲ್ಲ ಹಣ ಕೊಡುವ ಮೊದಲೇ ನೋಡಿ. ಕದ್ದ ಗಾಡಿಯ ಎಂಜಿನ್ ಎಂದು ಮುಂದೆ ಗೊತ್ತಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ವಿಮಾ ಕಂಪೆನಿಗೂ ಬರೆದು ತಿಳಿಸಿ. ಅಪಘಾತವಾದ ಮೇಲೆ ಹೇಳಿದರೆ ಪರಿಹಾರಕ್ಕೆ ತಕರಾರು ಬಂದೇ ಬರುತ್ತದೆ.


ಬಾಯಾರಿನ ಓದುಗಿ, ಎಪ್ರಿಲ್ 13

ವಕೀಲರೇ, ಮನೆಯಲ್ಲಿ ಇದನ್ನು ಓದಿ ಹೇಳಿದೆ. ಮಾವ ಮಾತಾಡಲಿಲ್ಲ, ಎದ್ದು ಹೋಗಿ ಜೀಪಿನ ಮೇಲೆ ಟಾರ್ಪಾಲು ಸರಿಮಾಡಿ ಬಂದರು. ಪೆಟ್ರೋಲ್ ಎಂಜಿನ್ ಇರಲಿ ಎಂದು ತೀರ್ಮಾನಿಸಿದ್ದೇವೆ.


ಪೈವಳಿಕೆಯಿಂದ, ಎಪ್ರಿಲ್ 14

ಒಂದು ಸಂಶಯ. ಮೂರೇ ಗೇರು, ಆಕ್ಸಲ್ 5.375 ಎಂದರೆ ಹೆದ್ದಾರಿಯಲ್ಲಿ ಓಡಿಸಲು ಸಾಧ್ಯವೇ? ಕ್ರೌನ್ ಪಿನಿಯನ್ ಬದಲಿಸಿದರೆ ಆಗದೇ?


ಪೆರ್ಲದ ಹಳೆಯ ಮೆಕ್ಯಾನಿಕ್, ಎಪ್ರಿಲ್ 14

ಒಳ್ಳೆಯ ಪ್ರಶ್ನೆ. 6.00-16 ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಓಡಲು ಎಂಜಿನ್ ನಿಮಿಷಕ್ಕೆ 2,450 ಸುತ್ತು ತಿರುಗಬೇಕು. ಬೊಲೆರೊ ಎಂಜಿನ್ನಿನ ಪೂರ್ಣ ಶಕ್ತಿ 3,200 ಸುತ್ತಿಗೆ, ಅಲ್ಲಿ ವೇಗ 78ರ ಆಸುಪಾಸು. ಅದಕ್ಕಿಂತ ವೇಗ ಈ ಜೀಪಿಗೆ ಬೇಡ. ಸ್ಟಿಯರಿಂಗೂ ಅದನ್ನು ತಾಳುವುದಿಲ್ಲ.

ಕ್ರೌನ್ ಪಿನಿಯನ್ ಬದಲಿಸುವುದಾದರೆ ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿ ನಾಲ್ಕೂ ಚಕ್ರ ಎಳೆಯುವ ಗೇರು ಹಾಕಿದರೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸು ಒಡೆಯುತ್ತದೆ. ಒಬ್ಬರು ಹಾಗೆ ಮಾಡಿ ತಂದದ್ದನ್ನು ನಾನು ಬಿಚ್ಚಿದ್ದೆ. ಗೇರಿನ ಹಲ್ಲುಗಳು ಎಣ್ಣೆಯಲ್ಲಿ ಅಕ್ಕಿಯ ನುಚ್ಚಿನ ಹಾಗೆ ಬಿದ್ದಿದ್ದವು.


ಮುಳ್ಳೇರಿಯ ಕೃಷಿಕ, ಮೇ 22

ಎಂಜಿನ್ ಬಂತು. ಹಿಂದಿನಿಂದ ಲಾರಿ ಗುದ್ದಿ ಬಾಡಿ ನಜ್ಜುಗುಜ್ಜಾಗಿದ್ದ ಬೊಲೆರೊ. ನೋಂದಣಿ ರದ್ದಾದ ಕಾಗದ ನೋಡಿದೆ, ಸ್ಟಾರ್ಟ್ ಮಾಡಿಸಿ ನೋಡಿದೆ, ವಯರಿಂಗ್ ಕಟ್ಟನ್ನು ಉಪ್ಪಳದವರೇ ಬಂದು ಬಿಡಿಸಿಕೊಟ್ಟರು. ಒಂದು ವಯರನ್ನೂ ಕತ್ತರಿಸಲಿಲ್ಲ. ಒಂದೊಂದು ಸಾಕೆಟ್ಟಿಗೂ ಕಾಗದದ ಚೀಟಿ ಕಟ್ಟಿದ್ದಾರೆ. ಸಾರಿಗೆ ಕಚೇರಿಗೆ ಅರ್ಜಿಯನ್ನೂ ಕೊಟ್ಟೆ.

ಈಗ ಸಮಸ್ಯೆ ಟಿ-90ಕ್ಕೂ ಹೊಸ ಎಂಜಿನ್ನಿಗೂ ನಡುವಿನ ಜೋಡಣೆ. ಬದಿಯಡ್ಕದಲ್ಲಿ ಲೇತ್ ಇರುವವರು 20 ಮಿಲಿಮೀಟರ್ ದಪ್ಪದ ಉಕ್ಕಿನ ತಟ್ಟೆಯಲ್ಲಿ ಅಡಾಪ್ಟರ್ ಮಾಡಿಕೊಡಲು ಒಪ್ಪಿದ್ದಾರೆ.


ಬದಿಯಡ್ಕದ ಲೇತ್, ಜೂನ್ 15

ಆ ಕೆಲಸ ಮಾಡಿದವನು ನಾನೇ. ಮುಂದೆ ಮಾಡುವವರಿಗೆ ನೆರವಾಗಲೆಂದು ಬರೆಯುತ್ತೇನೆ.

ತಟ್ಟೆಯಲ್ಲಿ ಬೋಲ್ಟಿನ ತೂತುಗಳು ಸರಿಬಂದರೆ ಕೆಲಸ ಮುಗಿಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ಬೋಲ್ಟು ಬಿಗಿಯುತ್ತದೆ ಅಷ್ಟೆ, ನಡುವನ್ನು ಹಿಡಿಯುವುದಿಲ್ಲ. ಕ್ರ್ಯಾಂಕ್ ಶಾಫ್ಟಿನ ನಡುವೂ ಗೇರ್‌ಬಾಕ್ಸಿನ ಶಾಫ್ಟಿನ ನಡುವೂ ಒಂದೇ ಗೆರೆಯಲ್ಲಿ ಬರಬೇಕು. ನಾವು ಬೆಲ್ ಹೌಸಿಂಗನ್ನು (ಕ್ಲಚ್ಚಿನ ಹೊರಚಿಪ್ಪು) ಎಂಜಿನ್ನಿಗೆ ಬಿಗಿದು, ಸೂಕ್ಷ್ಮ ಅಳತೆಯ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಅದರ ಮೂಗನ್ನು ಗೇರ್‌ಬಾಕ್ಸ್ ಕೂರುವ ದುಂಡು ಬಾಯಿಯ ಒಳಗೋಡೆಗೆ ತಾಗಿಸಿದೆವು. ಒಬ್ಬರು ಮುಂದಿನಿಂದ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ನಿಧಾನ ತಿರುಗಿಸಿದರು. ಹೊರಗೆ ಜಡಿಮಳೆ, ಶೆಡ್ಡಿನ ತಗಡಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ಕೈಸನ್ನೆಯಲ್ಲೇ ಕೆಲಸ. ಕಾಲು ಸುತ್ತಿಗೊಮ್ಮೆ ನಿಲ್ಲಿಸಿ, ಟಾರ್ಚು ಬಿಟ್ಟು, ಮುಳ್ಳು ಎಲ್ಲಿದೆ ಎಂದು ಹೌಸಿಂಗಿನ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದೆವು. ಮೇಲೆ ಸೊನ್ನೆ, ಕೆಳಗೆ 0.42 ಮಿಲಿಮೀಟರ್. ಅಂದರೆ ನಡು ಅದರ ಅರ್ಧ, 0.21ರಷ್ಟು ಜಾರಿದೆ. ಗೇಜಿನ ಒಟ್ಟು ಓಟ 0.13ರೊಳಗೆ ಇರಬೇಕು.

ಹೌಸಿಂಗನ್ನು ಅದರ ಜಾಗದಲ್ಲಿ ಹಿಡಿಯುವ ಡೊವೆಲ್ ಪಿನ್ನು ತೆಗೆದು, ಓರೆ ನಡುವಿನ ಹೊಸ ಪಿನ್ನು ಕಡೆದು, ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿದೆವು. ಐದನೇ ಸಲಕ್ಕೆ ಒಟ್ಟು ಓಟ 0.09. ಬೆಳಗ್ಗೆ ಹತ್ತಕ್ಕೆ ಶುರುಮಾಡಿದ್ದು, ಸಂಜೆ ದೀಪ ಹಚ್ಚುವ ಹೊತ್ತಾಯಿತು. ಇದನ್ನು ಬಿಟ್ಟರೆ ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಕ್ಲಚ್ ಬಿಡುವಾಗ ನಡುಕ, ಗೇರು ತಾನೇ ಜಾರುವುದು, ಕೊನೆಗೆ ಶಾಫ್ಟಿನ ಬೇರಿಂಗ್ ಹೋಗುವುದು.

ಕ್ಲಚ್ ಪ್ಲೇಟು ಬೊಲೆರೊದ್ದೇ. ನಡುವಿನ ಹಬ್ ಮಾತ್ರ ಟಿ-90 ಶಾಫ್ಟಿನ ಹತ್ತು ಹಲ್ಲಿಗೆ ಸರಿಯಾದದ್ದನ್ನು ರಿವೆಟ್ ಮಾಡಿಸಿದೆವು. ಕ್ರ್ಯಾಂಕಿನ ತುದಿಯ ಬುಷ್ಷನ್ನು ಗನ್‌ಮೆಟಲ್‌ನಲ್ಲಿ ಕಡೆದೆ.


ಪೆರ್ಲದ ಹಳೆಯ ಮೆಕ್ಯಾನಿಕ್, ಜೂನ್ 15

0.09! ಬದಿಯಡ್ಕದವರೇ, ನಿಮ್ಮ ಕೈಗೆ ನಮಸ್ಕಾರ. ನಮ್ಮ ಕಾಲದಲ್ಲಿ ಕಣ್ಣಳತೆಯಲ್ಲಿ ಮಾಡಿ, ಎಷ್ಟೋ ಗೇರ್‌ಬಾಕ್ಸುಗಳು ಬೇಗ ಹೋದವು. ಕಾರಣ ಈಗ ಅರ್ಥವಾಗುತ್ತಿದೆ.


ಮುಳ್ಳೇರಿಯ ಕೃಷಿಕ, ಸೆಪ್ಟೆಂಬರ್ 28

ಮಳೆಗಾಲವಿಡೀ ಕೆಲಸ ನಡೆಯಿತು. ಪಯಸ್ವಿನಿಯಲ್ಲಿ ನೀರು ತುಂಬಿದ್ದ ದಿನಗಳಲ್ಲಿ ಬಿಡಿಭಾಗ ತರಲು ಹೋಗುವುದಕ್ಕೂ ಆಗಲಿಲ್ಲ. ಎದುರಾದದ್ದನ್ನು ಎದುರಾದ ಹಾಗೆಯೇ ಬರೆಯುತ್ತೇನೆ.

ಪ್ಯೂಜೊ ಎಂಜಿನ್ ಒಂದು ಬದಿಗೆ ವಾಲಿ ಕೂರುವಂಥದ್ದು. ಅದಕ್ಕಾಗಿ 1991ರಲ್ಲಿ ಚಾಸಿಸ್‌ಗೆ ಬೆಸೆದಿದ್ದ ಬ್ರಾಕೆಟ್ಟುಗಳು ಒಂದು ಎತ್ತರ, ಇನ್ನೊಂದು ತಗ್ಗು. ಹೊಸ ಎಂಜಿನ್ ನೆಟ್ಟಗೆ ನಿಲ್ಲುವುದರಿಂದ ಎರಡನ್ನೂ ಕತ್ತರಿಸಿ ತೆಗೆಯಬೇಕಾಯಿತು. ಹೊಸ ಬ್ರಾಕೆಟ್ಟು ಬೆಸೆಯುವ ಮೊದಲು ಎಂಜಿನ್ನನ್ನು ಚೈನ್ ಬ್ಲಾಕಿನಲ್ಲಿ ತೂಗಿಸಿ ಮೂರು ದಿನ ಹಾಗೆಯೇ ಬಿಟ್ಟೆವು. ಮುಂದೆ ಸರಿಸಿದರೆ ರೇಡಿಯೇಟರಿಗೆ ಫ್ಯಾನು ತಾಗುತ್ತದೆ, ಕೆಳಗಿಳಿಸಿದರೆ ಎಣ್ಣೆಯ ಸಂಪು ಮುಂದಿನ ಆಕ್ಸಲ್ ಮೇಲೆ ಬರುತ್ತದೆ, ಮೇಲೇರಿಸಿದರೆ ಬಾನೆಟ್ ಮುಚ್ಚುವುದಿಲ್ಲ. ಸಿಜೆ-3ಬಿಯ ಬಾನೆಟ್ ಎತ್ತರವಿರುವುದು ಆ ಕಾಲದ ಎತ್ತರದ ಪೆಟ್ರೋಲ್ ಎಂಜಿನ್ನಿಗಾಗಿ. ಆ ಎತ್ತರವೇ ಈಗ ನಮ್ಮನ್ನು ಕಾಪಾಡಿತು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಆಕ್ಸಲ್ ಎಲ್ಲಿಗೆ ಬರುತ್ತದೆ ಎಂದು ಜಾಕ್ ಕೊಟ್ಟು ನೋಡಿ, ಸಂಪಿಗೂ ಆಕ್ಸಲಿಗೂ ನಡುವೆ ಎರಡು ಬೆರಳು ಅಂತರ ಉಳಿಸಿದೆವು. ಮುಂದಿನ ಸ್ಪ್ರಿಂಗ್ ಅರ್ಧ ಇಂಚು ಕುಗ್ಗಿತು, ಒಂದು ಪ್ಲೇಟು ಸೇರಿಸಿದೆವು.

ರೇಡಿಯೇಟರ್ ಹೊಸತು, ಅಗಲ ಹಳೆಯದೇ, ದಪ್ಪ ಹೆಚ್ಚು. ಗ್ರಿಲ್ಲಿನ ಏಳು ಸೀಳುಗಳನ್ನು ಅಗಲ ಮಾಡಿ ಎಂದು ಒಬ್ಬರು ಹೇಳಿದರು. ಅದನ್ನು ಮಾಡಲಿಲ್ಲ. ಜೀಪಿನ ಮುಖ ಹಾಳಾಗುವುದು ನನಗೆ ಇಷ್ಟವಿಲ್ಲ.

ಬ್ರೇಕಿಗೆ ಖರ್ಚಾದಷ್ಟು ಬೇರೆ ಯಾವುದಕ್ಕೂ ಆಗಲಿಲ್ಲ. ಮುಂದೆ ಹಿಂದೆ ಬೇರೆ ಬೇರೆ ಸಾಲಿನ ಮಾಸ್ಟರ್ ಸಿಲಿಂಡರ್, ಅದಕ್ಕೆ ಬೂಸ್ಟರ್. ಡೀಸೆಲ್‌ನಲ್ಲಿ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲವಲ್ಲ, ಅದಕ್ಕೆ ವ್ಯಾಕ್ಯೂಮ್ ಪಂಪೂ ಬೇಕು. ಡ್ರಮ್ಮುಗಳೂ ದೊಡ್ಡವು. ಪೆರ್ಲದ ಅಣ್ಣ ಎರಡು ಸಲ ಬಂದು, ಕೂತು, ಪೈಪಿನ ಒಂದೊಂದು ಬಾಗನ್ನೂ ನೋಡಿದರು. ಎಂಜಿನ್ ಕೂರುವ ಮೊದಲೇ ಬ್ರೇಕ್ ಮುಗಿದಿತ್ತು.

ಇಸಿಯುವನ್ನು ಡ್ಯಾಶ್‌ಬೋರ್ಡಿನ ಹಿಂದೆ ಎಡಗಡೆ ಆದಷ್ಟು ಮೇಲೆ ಇಟ್ಟಿದ್ದೇವೆ. ತೋಡು ದಾಟುವಾಗ ನೀರು ನೆಲದ ತಗಡಿನವರೆಗೆ ಬರುವುದು ನಮ್ಮ ಕಡೆ ಮಾಮೂಲು.

ಮೊದಲ ಸಲ ಕೀಲಿ ತಿರುಗಿಸಿದ್ದು ಸೆಪ್ಟೆಂಬರ್ 20ರಂದು. ಹಿಡಿಯಲಿಲ್ಲ. ಉಪ್ಪಳದವರು ಮೀಟರ್ ಹಿಡಿದು ಅರ್ಧ ಗಂಟೆ ಹುಡುಕಿದರು. ಎಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ಅರ್ತಿಂಗ್ ಪಟ್ಟಿಯ ಕೆಳಗೆ ನಾವೇ ಬಳಿದ ಹೊಸ ಪೇಂಟ್. ಅದನ್ನು ಕೆರೆದು ಬಿಗಿದರು. ಎರಡನೇ ಸಲಕ್ಕೆ ಹಿಡಿಯಿತು. ಅಪ್ಪ ಅಡಿಕೆ ಅಂಗಳದ ತುದಿಯಲ್ಲಿ ನಿಂತಿದ್ದರು. ಹತ್ತಿರ ಬಂದು ಬಾನೆಟ್ ಮೇಲೆ ಅಂಗೈ ಇಟ್ಟು, ಎಷ್ಟೋ ಹೊತ್ತು ತೆಗೆಯಲಿಲ್ಲ.


ಬಾಯಾರಿನ ಓದುಗಿ, ಸೆಪ್ಟೆಂಬರ್ 29

ಓದಿ ಕಣ್ಣು ತುಂಬಿ ಬಂತು. ನಡುಕ ಹೇಗಿದೆ? ಡೀಸೆಲ್ ಜೀಪಿನಲ್ಲಿ ಕನ್ನಡಿಯಲ್ಲಿ ಏನೂ ಕಾಣಿಸುವುದಿಲ್ಲ ಎಂದು ಮಾವ ಹೇಳುತ್ತಿದ್ದರು.


ಮುಳ್ಳೇರಿಯ ಕೃಷಿಕ, ನವೆಂಬರ್ 16

ಅಕ್ಕ, ಉತ್ತರ ತಡವಾಯಿತು, ಅಡಿಕೆ ಕೊಯ್ಲು ಶುರುವಾಗಿದೆ. ಮೊದಲು ನಿಂತಲ್ಲಿ ಸ್ಟಿಯರಿಂಗ್ ನಡುಗುತ್ತಿತ್ತು. ಬದಿಯಡ್ಕದವರು ಹಾಕಿದ್ದ ಗಟ್ಟಿ ರಬ್ಬರನ್ನು ತೆಗೆದು ಬೊಲೆರೊದ ಸ್ವಂತ ಮೌಂಟಿಂಗ್ ಹಾಕಿದ ಮೇಲೆ ಬಹುಪಾಲು ಹೋಯಿತು. ಈಗ ಕನ್ನಡಿಯಲ್ಲಿ ಹಿಂದೆ ಬರುವವರ ಮುಖ ಕಾಣಿಸುತ್ತದೆ.

ಜೀಪು ಇನ್ನೂ ರಸ್ತೆಗೆ ಇಳಿದಿಲ್ಲ. ಒಪ್ಪಿಗೆ ಬರುವವರೆಗೆ ನಮ್ಮ ಗೇಟಿನೊಳಗೆ ಮಾತ್ರ. ಕೆಳಗಿನ ತೋಟದಿಂದ ಅಂಗಳದವರೆಗಿನ ಮುರಕಲ್ಲಿನ ಏರನ್ನು ಆರು ಮೂಟೆ ಹಸಿ ಅಡಿಕೆ ಹೇರಿಕೊಂಡು ಲೋ ಎರಡನೇ ಗೇರಿನಲ್ಲಿ ಹತ್ತುತ್ತದೆ, ಹೊಗೆಯಿಲ್ಲ. ಹತ್ತು ದಿನಕ್ಕೊಮ್ಮೆ ಫಿಲ್ಟರಿನ ತಳದ ನೀರು ಬಿಡುತ್ತೇನೆ. ಕಳೆದ ಸಲ ಅರ್ಧ ಚಮಚದಷ್ಟು ಬಂತು.

ತಪಾಸಣೆಗೆ ಮುಂದಿನ ವಾರ ದಿನ ಕೊಟ್ಟಿದ್ದಾರೆ. ವಕೀಲರು ಹೇಳಿದ ಹಾಗೆ ಓಡಿಸದೆ, ಟೆಂಪೊ ಮೇಲೆ ಏರಿಸಿಕೊಂಡು ಹೋಗುತ್ತೇನೆ. ಎಂಜಿನ್ ನಂಬರಿರುವ ರಸೀದಿ, ಆ ಬೊಲೆರೊದ ನೋಂದಣಿ ರದ್ದಾದ ಕಾಗದ, 1991ರಲ್ಲಿ ಅಪ್ಪ ಡೀಸೆಲ್ ಎಂದು ಬರೆಸಿದ ಹಳೆಯ ಆರ್‌ಸಿ ಪುಸ್ತಕ, ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ.